ಮಗು ಬೆಳೀತು, ಬಟ್ಟೆ ಉಳೀತು: ಪಾತ್ರೆಯವರಿಗೆ ಹಾಕೋ ಮುಂಚೆ ತಿಳಿದಿರಬೇಕಾದ್ದು

ದಾವಣಗೆರೆ: ಯುಗಾದಿ, ದೀಪಾವಳಿ ಹತ್ತಿರ ಬಂದ್ರೆ ಮನೆ ಸ್ವಚ್ಛ ಮಾಡೋ ಕೆಲಸ ಶುರು. ಮಂಚದ ಕೆಳಗಿನ ಸೂಟ್‌ಕೇಸ್ ಆಗ ಹೊರಗೆ ಬರುತ್ತೆ. ತೆಗೆದು ನೋಡಿದ್ರೆ ಒಳಗೆ ಕುಲಾವಿ, ಜಬಲಾ, ಕಾಲುಚೀಲ, ಉಣ್ಣೆ ಸ್ವೆಟರು, ಹುಟ್ಟುಹಬ್ಬಕ್ಕೆ ಒಂದೇ ಸಲ ಹಾಕಿದ ಬಲೆ ಫ್ರಾಕು. ಮಗು ಆಗಲೇ ಅಂಗನವಾಡಿಗೆ ಹೋಗ್ತಾ ಇದೆ. ಅಷ್ಟರಲ್ಲಿ ಬೀದಿಯಲ್ಲಿ ಪಾತ್ರೆಯವರ ಕೂಗು: "ಹಳೇ ಬಟ್ಟೆ ಇದ್ರೆ ಕೊಡ್ರಿ ಅಕ್ಕಾರೇ, ಸ್ಟೀಲ್ ಪಾತ್ರೆ ತಗೊಳ್ರಿ."

ಗಂಟು ಬಿಚ್ಚಿ ತೋರಿಸಿದ್ರೆ ಬರೋ ಉತ್ತರವೂ ಎಲ್ಲರಿಗೂ ಗೊತ್ತಿರೋದೇ. "ಇವೆಲ್ಲ ಸಣ್ಣ ಬಟ್ಟೆ ರೀ, ಲೆಕ್ಕಕ್ಕೆ ಬರಲ್ಲ. ಎರಡು ಪ್ಯಾಂಟು, ಒಂದು ಸೀರೆ ಸೇರಿಸ್ರಿ, ಡಬ್ಬಿ ಕೊಡ್ತೀನಿ." ಕೊನೆಗೆ ಎರಡು ವರ್ಷ ಕೂಡಿ ಕೊಂಡ ಬಟ್ಟೆಯೆಲ್ಲ ಒಂದು ಸ್ಟೀಲ್ ಡಬ್ಬಿಗೆ ಹೋಗುತ್ತೆ. ಇಲ್ಲಾಂದ್ರೆ ಮತ್ತೆ ಸೂಟ್‌ಕೇಸ್ ಸೇರಿ ನುಸಿಗುಳಿಗೆ ಜೊತೆ ಇನ್ನೊಂದು ವರ್ಷ ಮಲಗುತ್ತೆ.

ಈ ಎರಡಕ್ಕೂ ಬದಲು ಮೂರನೇ ದಾರಿ ಒಂದಿದೆ: ತಾಲ್ಲೂಕಿನಲ್ಲೇ, ಗೊತ್ತಿರೋ ಜನಕ್ಕೇ, ಅಳತೆ ಬರೆದು ಮಾರೋದು. ದೊಡ್ಡ ದುಡ್ಡು ಬರಲ್ಲ. ಆದ್ರೆ ಡಬ್ಬಿಗಿಂತ ಜಾಸ್ತಿ ಬರುತ್ತೆ, ಇನ್ನೊಂದು ಮನೆಯ ಖರ್ಚೂ ಉಳಿಯುತ್ತೆ. ಒಂದು ವಿಷಯದಲ್ಲಿ ಮಾತ್ರ ತಪ್ಪು ಮಾಡುವ ಹಾಗಿಲ್ಲ. ಅದು ಆ ನುಸಿಗುಳಿಗೆ; ಅದರ ಬಗ್ಗೆ ಮುಂದೆ ವಿವರವಾಗಿ ಇದೆ.

ಹೊಸದರಂತೆ ಯಾಕೆ ಉಳಿಯುತ್ತೆ

ದೊಡ್ಡವರ ಬಟ್ಟೆ ಸವೆದು ಹಳೇದಾಗುತ್ತೆ. ಕೂಸಿನ ಬಟ್ಟೆ ಚಿಕ್ಕದಾಗಿ ಹಳೇದಾಗುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿ ಪ್ರಕಾರ ಗಂಡು ಮಗುವಿನ ಮಧ್ಯಮ ತೂಕ ಹುಟ್ಟಿದಾಗ 3.3 ಕಿಲೋ, ಆರು ತಿಂಗಳಿಗೆ 7.9 ಕಿಲೋ, ವರ್ಷಕ್ಕೆ 9.6 ಕಿಲೋ. ಹೆಣ್ಣು ಮಗುವಿಗೆ ಇದು 3.2, 7.3 ಮತ್ತು 8.9. ಉದ್ದ ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಇದ್ದದ್ದು ಮೊದಲ ಹುಟ್ಟುಹಬ್ಬಕ್ಕೆ 75ರ ಆಸುಪಾಸಿಗೆ ಬಂದಿರುತ್ತೆ. ಅಂದ್ರೆ ಮೊದಲ ಮೂರು ತಿಂಗಳ ಅಳತೆಯ ಬಟ್ಟೆಗೆ ಸಿಗೋ ಆಯಸ್ಸು ಹೆಚ್ಚೆಂದ್ರೆ ಎಂಟು ಹತ್ತು ವಾರ. ಅದರಲ್ಲೂ ತೊಟ್ಟಿಲು ಶಾಸ್ತ್ರಕ್ಕೆ ಬಂದ ಉಡುಗೊರೆಗಳೆಲ್ಲ ಒಂದೇ ಅಳತೆ. ನೆಂಟರು ಹತ್ತು ಜನ ಬಂದ್ರೆ ಹತ್ತೂ ಜನ ಪುಟಾಣಿ ಜಬಲಾ ಸೆಟ್ಟೇ ತಂದಿರ್ತಾರೆ. ಕೆಲವಂತೂ ಪೊಟ್ಟಣ ಬಿಚ್ಚೋ ಮೊದಲೇ ಚಿಕ್ಕದಾಗಿರ್ತವೆ.

ಹಳೇ ಬಟ್ಟೆ ಕೂಸಿಗೆ ಹಾಕೋದು ನಮ್ಮ ಕಡೆ ಅವಮಾನದ ವಿಷಯವೂ ಅಲ್ಲ. ಹುಟ್ಟಿದ ಮಗುವನ್ನ ಮೊದಲು ಸುತ್ತೋದು ಅಜ್ಜಿಯ ಹಳೇ ಸೀರೆಯಲ್ಲಿ, ಇಲ್ಲಾ ಅಜ್ಜನ ಮೆತ್ತನೆ ಪಂಚೆಯಲ್ಲಿ. ಹೊಸ ಬಟ್ಟೆ ಏನಿದ್ರೂ ಹೆಸರಿಡೋ ದಿನಕ್ಕೆ. ದೀರ್ಘಾಯುಷ್ಯದ ನಂಬಿಕೆ ಅದರ ಹಿಂದೆ ಇದೆ, ಜೊತೆಗೆ ವ್ಯವಹಾರ ಜ್ಞಾನವೂ ಇದೆ. ಹತ್ತಾರು ಸಲ ಒಗೆದ ಹತ್ತಿಯಲ್ಲಿ ಗಂಜಿ, ಬಣ್ಣದ ಉಳಿಕೆ ಎಲ್ಲ ಹೋಗಿ ಬಟ್ಟೆ ಮೃದುವಾಗಿರುತ್ತೆ.

ಹಿಂಜರಿಕೆ ಇರೋದು ಕೊಳ್ಳೋದ್ರಲ್ಲಿ ಅಲ್ಲ, ಮಾರೋದ್ರಲ್ಲಿ. "ಮಗು ಬಟ್ಟೆ ಮಾರ್ತಾರಾ? ದೃಷ್ಟಿ ಆಗುತ್ತೆ" ಅನ್ನೋ ಮಾತು ಮನೆಯಲ್ಲಿ ಬಂದೇ ಬರುತ್ತೆ. ಅದಕ್ಕೆ ಹೆಚ್ಚಿನ ಮನೆಗಳು ಕಂಡುಕೊಂಡಿರೋ ದಾರಿ ಅಂದ್ರೆ ಮೊದಲು ಹಾಕಿದ ಜಬಲಾ, ಕುಂಚಿಗೆ, ಅಜ್ಜಿ ಹೊಲಿದದ್ದು ಇವನ್ನ ತೆಗೆದಿಟ್ಟುಕೊಂಡು ಉಳಿದದ್ದನ್ನ ಮಾತ್ರ ಕೊಡೋದು. ಕೊಳ್ಳೋ ಕಡೆಯ ಹಿರಿಯರೂ ಒಂದು ಮಾತು ಕೇಳ್ತಾರೆ: "ಈ ಬಟ್ಟೆ ಹಾಕಿದ ಮಗು ಚೆನ್ನಾಗಿದೆಯಾ?" ಇದನ್ನ ಚುಚ್ಚುಮಾತು ಅಂದ್ಕೋಬಾರದು. ಗೊತ್ತಿರೋ ಮನೆಯ ಬಟ್ಟೆಗೆ ಬೇಡಿಕೆ ಇದ್ದು, ಎಲ್ಲಿಂದಲೋ ಬಂದ ಗಂಟಿಗೆ ಇಲ್ಲದೇ ಇರೋದು ಇದೇ ಕಾರಣಕ್ಕೆ.

ನುಸಿಗುಳಿಗೆ ಹಾಕಿಟ್ಟ ಬಟ್ಟೆ: ಇಲ್ಲಿ ಎಚ್ಚರ ಬೇಕು

ಮುಂದಿನ ಮಗುವಿಗೆ ಆಗುತ್ತೆ ಅಂತ ಎತ್ತಿಡೋ ಬಟ್ಟೆ ನಡುವೆ ಬಿಳಿ ಗುಳಿಗೆ ಹಾಕೋದು ಎಲ್ಲ ಮನೆಯ ರೂಢಿ. ಕೆಲವರು ನುಸಿಗುಳಿಗೆ ಅಂತಾರೆ, ಕೆಲವರು ಡಾಂಬರು ಗುಳಿಗೆ ಅಂತಾರೆ. ಇವುಗಳಲ್ಲಿ ಹೆಚ್ಚಿನವು ನಾಫ್ತಲೀನ್. ಗುಳಿಗೆ ಕರಗದೆ ನೇರವಾಗಿ ಆವಿಯಾಗುತ್ತೆ, ಆ ಆವಿಯನ್ನ ಬಟ್ಟೆ ಹೀರಿಕೊಂಡು ಕೂರುತ್ತೆ. ಸೂಟ್‌ಕೇಸ್ ತೆಗೆದ ಕೂಡಲೇ ಮೂಗಿಗೆ ಬಡಿಯೋ ವಾಸನೆ ಅದೇ.

ದೊಡ್ಡವರಿಗೆ ಇದು ತಲೆನೋವಿನಲ್ಲಿ ಮುಗಿಯಬಹುದು. ಹುಟ್ಟಿದ ಮಗುವಿನ ವಿಷಯ ಬೇರೆ. ಜಿ6ಪಿಡಿ ಅನ್ನೋ ಒಂದು ಕಿಣ್ವ ಕೆಂಪು ರಕ್ತಕಣವನ್ನ ಕಾಪಾಡುತ್ತೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಇದು ಕಡಿಮೆ ಇರುತ್ತೆ. ವಂಶದಿಂದ ಬರೋ ಈ ಕೊರತೆ ಗಂಡು ಮಕ್ಕಳಲ್ಲಿ ಹೆಚ್ಚು. ಮಗು ನೋಡಲು ಗುಂಡುಗುಂಡಗೆ ಇರುತ್ತೆ, ರಕ್ತ ಪರೀಕ್ಷೆ ಮಾಡಿಸದೆ ಕೊರತೆ ಇದೆ ಅಂತ ಗೊತ್ತಾಗಲ್ಲ. ಅಂಥ ಮಗುವನ್ನ ನಾಫ್ತಲೀನ್ ಆವಿ ಹಿಡಿದ ಬಟ್ಟೆಯಲ್ಲಿ ಸುತ್ತಿದ್ರೆ ಚರ್ಮದಿಂದ, ಉಸಿರಿನಿಂದ ಅದು ಒಳಗೆ ಹೋಗಿ ಕೆಂಪು ರಕ್ತಕಣಗಳು ಒಡೆಯತೊಡಗುತ್ತವೆ. ಒಡೆದ ಕಣಗಳಿಂದ ಬಿಲಿರುಬಿನ್ ಏರಿ ಕಾಮಾಲೆ ಜೋರಾಗುತ್ತೆ. ಮಿತಿ ಮೀರಿದ್ರೆ ಮೆದುಳಿಗೆ, ಕಿವಿ ಕೇಳಿಸೋ ಶಕ್ತಿಗೆ ಶಾಶ್ವತ ಹಾನಿ. ಇದು ಮಕ್ಕಳ ವೈದ್ಯಶಾಸ್ತ್ರದಲ್ಲಿ ಹಲವು ದಶಕಗಳಿಂದ ದಾಖಲಾಗಿರೋ ಸಂಗತಿ.

ಬಾಣಂತನದ ಮನೆಯಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತೆ. ಕೂಸಿಗೆ ದಿನಾ ಎಣ್ಣೆ ಹಚ್ಚಿ ನೀರು ಹಾಕೋದು ನಮ್ಮ ಪದ್ಧತಿ. ನಾಫ್ತಲೀನ್ ಎಣ್ಣೆಯಲ್ಲಿ ಕರಗುತ್ತೆ. ಎಣ್ಣೆ ಇರೋ ಮೈಗೆ ಈ ಬಟ್ಟೆ ತಾಗಿದ್ರೆ ಚರ್ಮದ ಮೂಲಕ ಒಳಗೆ ಹೋಗೋದು ಇನ್ನೂ ಸುಲಭ.

ಹಾಗಾಗಿ ಮಾರೋರು, ಕೊಡೋರು, ಅಂಗಡಿಯಲ್ಲಿ ಇಟ್ಟುಕೊಳ್ಳೋರು ಎಲ್ಲರೂ ಪಾಲಿಸಬೇಕಾದ ಕ್ರಮ ಇಷ್ಟು: ಗುಳಿಗೆ ಜೊತೆ ಇಟ್ಟ ಬಟ್ಟೆಯನ್ನ ಹಾಗೇ ಕೈ ಬದಲಾಯಿಸಬಾರದು. ಒಗೆದು, ಬಿಸಿಲು ಗಾಳಿ ಎರಡೂ ಇರೋ ಕಡೆ ಹಲವು ದಿನ ಹರವಬೇಕು. ಆಮೇಲೂ ಮೂಗಿಗೆ ವಾಸನೆ ಬಂದ್ರೆ ಅದು ಎಳೇ ಕೂಸಿಗೆ ಬೇಡವೇ ಬೇಡ. ಸೆಂಟು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು ವಾಸನೆ ಮುಚ್ಚೋದು ಮೋಸ. ಗುಳಿಗೆ ಹಾಕಿ ಇಟ್ಟಿದ್ದು ಅಂತ ಬಾಯಿಬಿಟ್ಟು ಹೇಳೋದು ಮಾರೋರ ಕರ್ತವ್ಯ, "ಗುಳಿಗೆ ಹಾಕಿದ್ರಾ ಅಕ್ಕ?" ಅಂತ ಕೇಳೋಕೆ ಕೊಳ್ಳೋರೂ ಸಂಕೋಚ ಪಡಬಾರದು. ಉಣ್ಣೆ ಸ್ವೆಟರು, ದಪ್ಪ ಹೊದಿಕೆ ಸುತ್ತ ಈ ಪ್ರಶ್ನೆ ಮೊದಲು ಬರಬೇಕು, ಯಾಕಂದ್ರೆ ಗುಳಿಗೆ ಹೆಚ್ಚಾಗಿ ಹಾಕೋದೇ ಅವುಗಳಿಗೆ.

ಹುಟ್ಟಿದ ಮಗುವಿಗೆ ಮೊದಲ ವಾರ ಸ್ವಲ್ಪ ಹಳದಿ ಬರೋದು ಸಾಮಾನ್ಯ, ಹೆಚ್ಚಿನವರಿಗೆ ತಾನಾಗೇ ಇಳಿಯುತ್ತೆ. ಆದ್ರೆ ಹಳದಿ ಅಂಗಾಲಿನವರೆಗೆ ಇಳಿದ್ರೆ, ಮಗು ಹಾಲು ಕುಡಿಯದೆ ಮಂಕಾದ್ರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದ್ರೆ ಬಿಸಿಲಿಗೆ ಹಿಡಿಯುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಯಾವ ಬಟ್ಟೆ ಹಾಕಿದ್ವಿ, ಗುಳಿಗೆ ಇತ್ತಾ ಅನ್ನೋದನ್ನೂ ಡಾಕ್ಟರಿಗೆ ಹೇಳಬೇಕು.

ಎತ್ತಿಡೋಕೆ ಬೇರೆ ಉಪಾಯ ಹಿಂದಿನಿಂದಲೂ ಇದೆ. ಪೂರ್ತಿ ಒಣಗಿಸಿದ ಬೇವಿನ ಎಲೆ, ಇಲ್ಲಾ ಬಜೆ ತುಂಡನ್ನ ಸಣ್ಣ ಬಟ್ಟೆಯಲ್ಲಿ ಕಟ್ಟಿ ಇಟ್ಟರಾಯ್ತು. ಮಡಿಸೋ ಮುಂಚೆ ಬಟ್ಟೆ ಚೆನ್ನಾಗಿ ಒಣಗಿದ್ದು, ಪೆಟ್ಟಿಗೆ ಬಿಗಿಯಾಗಿ ಮುಚ್ಚಿದ್ರೆ ಅರ್ಧ ಕೆಲಸ ಅಲ್ಲೇ ಮುಗೀತು. ಇನ್ನು ಬಿಳಿ ಗುಳಿಗೆಯನ್ನ ಪೆಪ್ಪರ್‌ಮೆಂಟು ಅಂತ ಬಾಯಿಗೆ ಹಾಕ್ಕೊಳ್ಳೋ ವಯಸ್ಸಿನ ಮಕ್ಕಳು ಮನೆಯಲ್ಲಿದ್ರೆ ಅದು ಬೇರೆಯೇ ಗಂಡಾಂತರ.

ಒಗೆಯೋದು, ಕಲೆ ತೆಗೆಯೋದು

ಎತ್ತಿಡುವಾಗ ಬೆಳ್ಳಗಿದ್ದ ಜಬಲಾ ವರ್ಷದ ನಂತರ ತೆಗೆದ್ರೆ ಕತ್ತಿನ ಹತ್ತಿರ ಹಳದಿ. ಅದು ಮಗು ಕಕ್ಕಿದ ಹಾಲು. ಒಗೆದಾಗ ಕಣ್ಣಿಗೆ ಕಾಣದೆ ಉಳಿದ ಜಿಡ್ಡು ಗಾಳಿ ತಾಗಿ ಬಣ್ಣ ತಿರುಗಿರುತ್ತೆ. ಹಾಲಿನ ಕಲೆಗೆ ಮೊದಲು ಬಿಸಿನೀರು ಹಾಕಿದ್ರೆ ಕೆಲಸ ಕೆಟ್ಟಿತು. ಹಾಲಿನ ಅಂಶ ದಾರಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ. ತಣ್ಣೀರಲ್ಲಿ ನೆನೆಸಿ, ಸೋಪು ಹಚ್ಚಿ ತಿಕ್ಕಿದ ಮೇಲೆ ಬಿಸಿನೀರು. ಅರಿಶಿನದ ಕಲೆಗೆ ಬಿಸಿಲೇ ಮದ್ದು, ಎರಡು ಮೂರು ದಿನ ಒದ್ದೆ ಮಾಡಿ ಒಣಹಾಕಿದ್ರೆ ಮಾಸುತ್ತೆ. ಕಾಡಿಗೆ ಕಲೆ ಎಣ್ಣೆಯ ಜಾತಿಯದ್ದು, ಪಾತ್ರೆ ತೊಳೆಯೋ ಸೋಪಿಗೆ ಬಗ್ಗುತ್ತೆ. ಬಾಳೆಯ ಕರೆ ಕಪ್ಪಾಗಿ ಕೂತಿದ್ರೆ ಅದರ ಆಸೆ ಬಿಟ್ಟು ಆ ಬಟ್ಟೆಯನ್ನ ಮಾರೋ ಗಂಟಿಂದ ತೆಗೆಯೋದೇ ವಾಸಿ.

ಕಜ್ಜಿಯ ಭಯವೂ ಕೊಳ್ಳೋರಿಗೆ ಇರುತ್ತೆ, ಅದು ಸಹಜ. ತುರಿಕಜ್ಜಿಯ ಹುಳು ಮನುಷ್ಯನ ಮೈ ಬಿಟ್ಟು ಸಾಮಾನ್ಯವಾಗಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕಲ್ಲ. ಚೆನ್ನಾಗಿ ಬಿಸಿಯಿರೋ ನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿದ್ರೆ ಸಾಕು. ಒಗೆಯಲಾಗದ ಉಣ್ಣೆ ಟೊಪ್ಪಿಗೆಯಂಥದ್ದನ್ನ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕನಿಷ್ಠ 72 ಗಂಟೆ ಇಟ್ಟು ಆಮೇಲೆ ಬಳಸಬಹುದು. ಮಾರೋ ಮನೆಯವರು ಎಷ್ಟೇ ಒಗೆದಿದ್ರೂ ಕೊಂಡವರು ಇನ್ನೊಂದು ಸಲ ಒಗೆದೇ ಹಾಕೋದು ಒಳ್ಳೇದು.

ಒಗೆದ ಮೇಲೆ ಒಂದೊಂದೇ ಕೈಯಲ್ಲಿ ಹಿಡಿದು ನೋಡಬೇಕು. ಟಿಚ್ ಬಟನ್ ಕಚ್ಚುತ್ತಾ, ಜಿಪ್ ಓಡುತ್ತಾ, ಸೊಂಟದ ಎಲಾಸ್ಟಿಕ್ ಎಳೆದ್ರೆ ವಾಪಸ್ ಬರುತ್ತಾ? ಸಡಿಲ ಬಟನ್ನು, ಮಣಿ, ಮಿಂಚು ಕಿತ್ತು ಬಂದ್ರೆ ನೇರ ಕೂಸಿನ ಬಾಯಿಗೆ, ಅಲ್ಲಿಂದ ಗಂಟಲಿಗೆ. ಅಂಥದ್ದನ್ನ ಬಿಗಿಯಾಗಿ ಹೊಲಿಯಬೇಕು, ಇಲ್ಲಾ ಕಿತ್ತು ಹಾಕಬೇಕು. ಕತ್ತಿಗೆ ಲಾಡಿ ಇರೋ ಕುಲಾವಿ, ಟೊಪ್ಪಿಗೆ ಸ್ವೆಟರು ಇದ್ರೆ ಲಾಡಿ ತೆಗೆದು ಕೊಡೋದು ಸರಿ. ತೊಟ್ಟಿಲು, ಕಿಟಕಿ ಸರಳಿಗೆ ಸಿಕ್ಕಿ ಕತ್ತು ಬಿಗಿಯೋ ಅಪಾಯ ಅದರಿಂದ ಇದೆ.

ಯಾವುದು ಹೋಗುತ್ತೆ, ಯಾವುದು ಕೂರುತ್ತೆ

ದಿನಬಳಕೆಯ ಬನಿಯನ್ ಬಟ್ಟೆಯ ಸೆಟ್ಟಿಗೆ ಬೆಲೆ ಬರೋದು ಕಷ್ಟ. ತಿರುಪ್ಪೂರಿನಿಂದ, ಕೋಲ್ಕತ್ತದ ಮೆಟಿಯಾಬ್ರೂಜ್‌ನಿಂದ ಬರೋ ಅಗ್ಗದ ಹೊಸ ಮಾಲು ಸಂತೆಯಲ್ಲೇ ಸಿಗುತ್ತೆ. ಮಾರೋರು ಮಾಡೋ ದೊಡ್ಡ ತಪ್ಪು ಇಲ್ಲೇ. ತಾವು ಮಾಲ್‌ನಲ್ಲಿ ಕೊಟ್ಟ ಬೆಲೆಯಿಂದ ಲೆಕ್ಕ ಶುರು ಮಾಡ್ತಾರೆ. ಕೊಳ್ಳೋರು ಲೆಕ್ಕ ಶುರು ಮಾಡೋದು ಸಂತೆಯ ಹೊಸ ಬಟ್ಟೆಯ ಬೆಲೆಯಿಂದ. 600 ಕೊಟ್ಟು ತಂದ ಸೆಟ್ ಇರಬಹುದು. ಅದೇ ಅಳತೆಯದ್ದು ಸಂತೆಯಲ್ಲಿ ಹೊಸದೇ 200ಕ್ಕೆ ಸಿಗೋದಾದ್ರೆ ಹಳೇದಕ್ಕೆ 250 ಯಾರು ಕೊಡ್ತಾರೆ?

ಅದಕ್ಕೇ ದಿನಬಳಕೆಯದ್ದನ್ನ ಬಿಡಿಬಿಡಿಯಾಗಿ ಮಾರಬಾರದು, ಅಳತೆಗೊಂದು ಗಂಟು ಕಟ್ಟಬೇಕು. ಮೂರರಿಂದ ಆರು ತಿಂಗಳ ಅಳತೆಯ 12 ಬಟ್ಟೆ, ತಲಾ 25ರಂತೆ 300 ರೂಪಾಯಿ ಅಂದ್ರೆ ಕೊಳ್ಳೋರಿಗೆ ಮೂರು ತಿಂಗಳ ಚಿಂತೆ ಒಂದೇ ಸಲ ಮುಗೀತು, ಕೊಡೋರಿಗೆ ಮನೆ ಖಾಲಿ ಆಯ್ತು. ಒಂದೇ ಗಂಟಿಗೆ ಎಲ್ಲ ಅಳತೆಯನ್ನ ತುರುಕಿದ್ರೆ ಯಾರೂ ಮುಟ್ಟಲ್ಲ. ಚೀಟಿಯ ಮೇಲಿನ ತಿಂಗಳ ಲೆಕ್ಕ ನಂಬೋ ಹಾಗೂ ಇಲ್ಲ, ಒಂದೊಂದು ಕಂಪನಿಯದ್ದು ಒಂದೊಂದು ಥರ. ಟೇಪು ಹಿಡಿದು ಹೆಗಲಿನಿಂದ ಅಂಚಿನವರೆಗೆ ಉದ್ದ, ಎದೆ ಸುತ್ತಳತೆ ಎರಡನ್ನೂ ಇಂಚಿನಲ್ಲಿ ಬರೆದು ಪಿನ್ ಹಾಕಿದ್ರೆ "ಆಗುತ್ತಾ, ಆಗಲ್ವಾ" ಅನ್ನೋ ಅರ್ಧ ಗಂಟೆ ಮಾತು ಉಳಿಯುತ್ತೆ.

ನಿಜವಾದ ಬೆಲೆ ಇರೋದು ಒಂದೇ ದಿನ ಹಾಕೋ ಬಟ್ಟೆಗೆ. ಕೃಷ್ಣ ಜನ್ಮಾಷ್ಟಮಿಯ ಕೃಷ್ಣ, ರಾಧೆ ವೇಷ ನೋಡಿ: ಪಂಚೆ, ಕಿರೀಟ, ನವಿಲುಗರಿ, ಕೊಳಲು ಎಲ್ಲ ಸೇರಿದ ಸೆಟ್ ಒಂದು ಬೆಳಗ್ಗೆ ಹಾಕಿ, ಫೋಟೋ ತೆಗೆದು, ಮಧ್ಯಾಹ್ನಕ್ಕೆ ಬಿಚ್ಚಿಟ್ಟದ್ದು. ಮುಂದಿನ ವರ್ಷ ಆ ಮಗುವಿಗೆ ಅದು ಆಗಲ್ಲ, ಆದ್ರೆ ಪಕ್ಕದ ಬೀದಿಯ ಮಗುವಿಗೆ ಆಗುತ್ತೆ. ಹೆಸರಿಡೋ ದಿನದ ರೇಷ್ಮೆ ಲಂಗ, ಜವಳದ ದಿನದ ಪಂಚೆ ಶಲ್ಯ, ಮೊದಲ ಹುಟ್ಟುಹಬ್ಬದ ಕೋಟು, ಫ್ರಾಕು ಇವೂ ಅದೇ ಸಾಲಿಗೆ ಸೇರಿದವು. ಕೊಂಡ ಬೆಲೆಯ ಮೂರನೇ ಒಂದು ಭಾಗ ಕೇಳೋದು ಇಲ್ಲಿ ಅನ್ಯಾಯ ಅಲ್ಲ. ಬಲೆ ಬಟ್ಟೆಯ ನೈಲಾನ್ ಫ್ರಾಕಿಗೆ ಮಾತ್ರ ಒಂದು ಎಚ್ಚರಿಕೆ ಸೇರಿಸಿ ಕೊಡಬೇಕು: ಆರತಿ ದೀಪ, ಕೇಕಿನ ಮೇಣದಬತ್ತಿ ಹತ್ತಿರ ಅದು ಹತ್ತಿಯ ಹಾಗೆ ಅಲ್ಲ, ಕರಗಿ ಚರ್ಮಕ್ಕೆ ಅಂಟುತ್ತೆ.

ಹೊತ್ತೂ ಮುಖ್ಯ. ಸ್ವೆಟರನ್ನ ಏಪ್ರಿಲ್ ಬಿಸಿಲಲ್ಲಿ ತೋರಿಸಿದ್ರೆ ದಾವಣಗೆರೆಯಲ್ಲಿ ಯಾರು ನೋಡ್ತಾರೆ? ದೀಪಾವಳಿ ಮುಗಿದ ವಾರ ತೆಗೆದ್ರೆ ಅದೇ ಸ್ವೆಟರಿಗೆ ಕೇಳಿಬರ್ತಾರೆ. ಕೃಷ್ಣ ವೇಷಕ್ಕೆ ಜುಲೈ ಕೊನೆ, ಆಗಸ್ಟ್ ಮೊದಲ ವಾರ.

ಲಂಗೋಟಿ, ಒಳಉಡುಪು, ಬಾಯಿ ಒರೆಸೋ ಬಟ್ಟೆ ಇವನ್ನ ಮಾರೋ ಮಾತೇ ಬೇಡ. ಮಾಸಿದ, ತೂತಾದ ಹತ್ತಿ ಬಟ್ಟೆ ಕೌದಿಗೆ ಬರುತ್ತೆ. ಜಗಳೂರು, ಹರಿಹರ ಕಡೆ ಕೌದಿ ಹೊಲಿಯೋ ಹೆಂಗಸರು ಇರೋ ಮನೆಯಲ್ಲಿ ಕೂಸಿನ ಚಿಂದಿಗೆ ಒಳ್ಳೇ ಮರ್ಯಾದೆ, ಬಣ್ಣಬಣ್ಣದ ತುಂಡು ಸಿಗೋದು ಅದರಿಂದಲೇ.

ಎಲ್ಲಿ ಮಾರೋದು

ಊರಲ್ಲಿ ಅತಿ ಬೇಗ ಕೆಲಸ ಮಾಡೋದು ಬಡಾವಣೆಯ, ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪು. ಬಿಸಿಲಿಗೆ ಚಾಪೆ ಹಾಸಿ ಬಟ್ಟೆ ಹರವಿ ಒಂದು ಫೋಟೋ, ಅಳತೆ, ಬೆಲೆ, ಎಷ್ಟು ದಿನ ಹಾಕಿದ್ದು, ಎಲ್ಲಿ ಕಲೆ ಇದೆ ಇಷ್ಟು ಬರೆದ್ರೆ ಸಾಕು. ಕಲೆ ಇರೋ ಜಾಗದ ಫೋಟೋ ಮೊದಲೇ ಹಾಕಿದವರ ಹತ್ತಿರ ಯಾರೂ ಚೌಕಾಸಿಗೆ ಹೆಚ್ಚು ನಿಲ್ಲಲ್ಲ. ಮಗು ಹಾಕ್ಕೊಂಡಿರೋ ಫೋಟೋ ಬೇಡ. ಮಗುವಿನ ಮುಖ, ಮನೆ ನಂಬರು ಊರೆಲ್ಲ ಓಡಾಡೋ ಅಗತ್ಯ ಇಲ್ಲ.

ಒಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಹಾಕೋರಿಗೆ ದೂರದಿಂದ ಕರೆ ಬರುತ್ತೆ. ಅಲ್ಲೇ ಮೋಸ ಕಾದಿರೋದು. 300 ರೂಪಾಯಿ ಗಂಟಿಗೆ ಚೌಕಾಸಿಯೇ ಇಲ್ಲದೆ "ಓಕೆ ಮೇಡಂ" ಅಂತ ಒಪ್ಪಿ, ತಾನು ಮಿಲಿಟರಿಯವನು, ವರ್ಗಾವಣೆ ಆಗಿದೆ ಅಂತ ಹೇಳಿ, ಕ್ಯೂಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ, ಪಿನ್ ಹಾಕಿ, ದುಡ್ಡು ನಿಮಗೆ ಬರುತ್ತೆ" ಅಂದ್ರೆ ಫೋನ್ ಇಡಬೇಕು. ಯುಪಿಐನಲ್ಲಿ ದುಡ್ಡು ಪಡೆಯೋಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಹಾಕಿದ್ರೆ ದುಡ್ಡು ಹೋಗೋದು ಮಾತ್ರ. ಹೋಗಿಬಿಟ್ಟಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ಎಷ್ಟು ಬೇಗ ತಿಳಿಸಿದ್ರೆ ಹಣ ತಡೆಹಿಡಿಯೋ ಸಾಧ್ಯತೆ ಅಷ್ಟು ಹೆಚ್ಚು.

ಮನೆಯ ಬಟ್ಟೆ ಮಾರಿ ಬಂದ ದುಡ್ಡಿಗೆ ತೆರಿಗೆ ಇದೆಯಾ ಅಂತ ಕೆಲವರಿಗೆ ಅನುಮಾನ. ಸ್ವಂತ ಬಳಕೆಯ ಉಡುಪು ಆದಾಯ ತೆರಿಗೆ ಕಾನೂನಿನಲ್ಲಿ ಬಂಡವಾಳ ಆಸ್ತಿ ಅಲ್ಲ. ಅದು ವ್ಯಾಪಾರವೂ ಅಲ್ಲದ ಕಾರಣ ಜಿಎಸ್‌ಟಿಯೂ ಬರಲ್ಲ. ಬೇರೆಯವರಿಂದ ಕೊಂಡು ಮಾರೋಕೆ ಶುರು ಮಾಡಿದ್ರೆ ಮಾತ್ರ ಲೆಕ್ಕ ಬೇರೆ.

ಅಂಗಡಿಯವರಿಗೆ ಇದರಲ್ಲೇನಿದೆ

ಮಕ್ಕಳ ಬಟ್ಟೆ ಅಂಗಡಿ ಇಟ್ಟಿರೋರು ಸಾಮಾನ್ಯವಾಗಿ ಹೇಳೋದು: "ಹಳೇದು ಇಟ್ರೆ ನಮ್ಮ ಹೊಸ ಮಾಲು ಹೋಗಲ್ಲ." ಹಾಗೆ ಆಗಲೇಬೇಕು ಅಂತೇನಿಲ್ಲ. ಹಳೇ ಬಟ್ಟೆ ಕೊಡೋಕೆ ಬರೋ ತಾಯಿಗೆ ಅದೇ ದಿನ ಒಂದು ಅಳತೆ ದೊಡ್ಡದು ಬೇಕಿರುತ್ತೆ. ಆಕೆ ಗಂಟು ಇಳಿಸಿ ಬರಿಗೈಯಲ್ಲಿ ಹೋಗೋದು ಅಪರೂಪ.

ಇದಕ್ಕೆ ಬಂಡವಾಳ ಹಾಕಿ ಕೊಳ್ಳೋ ಅಗತ್ಯ ಇಲ್ಲ. ಕಮಿಷನ್ ಮೇಲೆ ಇಟ್ಟುಕೊಂಡ್ರೆ ಸಾಕು. ಉದಾಹರಣೆಗೆ ಅಂಗಡಿಯ ಪಾಲು ನೂರಕ್ಕೆ 40 ಅಂತ ಮಾತಾದ್ರೆ, 200ಕ್ಕೆ ಹೋದ ಫ್ರಾಕಿನಲ್ಲಿ ಅಂಗಡಿಗೆ 80, ತಂದವರಿಗೆ 120. ಮಾರಾಟ ಆಗೋವರೆಗೆ ಅಂಗಡಿಯವರ ಕೈಯಿಂದ ಒಂದು ಪೈಸೆ ಹೋಗಿರಲ್ಲ. ಆದ್ರೆ ಬಾಯಿಮಾತಿನ ಕಮಿಷನ್ ಜಗಳಕ್ಕೆ ದಾರಿ. ಏನು ತಂದ್ರು, ಎಷ್ಟಕ್ಕೆ ಮಾರಬೇಕು, ಯಾವ ತಾರೀಖಿನವರೆಗೆ ಇಡೋದು, ಹೋಗದಿದ್ರೆ ವಾಪಸ್ಸಾ ಇಲ್ಲಾ ದಾನಕ್ಕಾ ಅನ್ನೋದನ್ನ ಎರಡು ಪ್ರತಿ ಚೀಟಿಯಲ್ಲಿ ಬರೆದು ಸಹಿ ಹಾಕಿಸಬೇಕು. 60 ದಿನದ ಗಡುವು ಇಟ್ಟುಕೊಂಡ್ರೆ ಅಂಗಡಿ ಗೋಡೌನ್ ಆಗಲ್ಲ. ಬಟ್ಟೆ ತಗೊಳ್ಳುವಾಗಲೇ ಮೂಗಿಗೆ ಹಿಡಿದು ನುಸಿಗುಳಿಗೆ ವಾಸನೆ ಇದ್ದದ್ದನ್ನ ವಾಪಸ್ ಕೊಡೋ ನಿಯಮ ಇಟ್ಟುಕೊಂಡ್ರೆ ಗಿರಾಕಿಗೂ ಅಂಗಡಿ ಮೇಲೆ ನಂಬಿಕೆ ಬರುತ್ತೆ.

ಹೊಸದು ಹಳೇದು ಒಂದೇ ರ‍್ಯಾಕಿನಲ್ಲಿ ಬೆರೆಸೋದು ಮಾತ್ರ ಅಪಾಯ. ಹಳೇ ಸರಕನ್ನ ಹೊಸದು ಅಂತ ತೋರಿಸಿ ಮಾರೋದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಕೆಲಸದ ಹುಡುಗ ಗೊತ್ತಿಲ್ಲದೆ ಕೊಟ್ಟ ಅಂದ್ರೂ ಗ್ರಾಹಕರ ಆಯೋಗದ ಮುಂದೆ ನಿಲ್ಲಬೇಕಾದ್ದು ಮಾಲೀಕರೇ. ಬೇರೆ ಮೂಲೆ, ಬೇರೆ ಬಣ್ಣದ ಚೀಟಿ, "ಬಳಸಿದ ಬಟ್ಟೆ" ಅಂತ ದೊಡ್ಡಕ್ಷರದ ಬೋರ್ಡು ಇದ್ರೆ ಮಾತೇ ಇಲ್ಲ.

ಜಿಎಸ್‌ಟಿ ವಿಷಯದಲ್ಲಿ ಈಗ ಎಲ್ಲರೂ ಚುರುಕು. 2025ರ ಜುಲೈನಲ್ಲಿ ಯುಪಿಐ ಜಮೆ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ಯಾರಿಗೂ ಮರೆತಿಲ್ಲ. ಬರೀ ಸರಕು ಮಾರೋ ಅಂಗಡಿಗೆ, ರಾಜ್ಯದೊಳಗಿನ ವ್ಯಾಪಾರಕ್ಕೆ, ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ಕಮಿಷನ್ ಬಟ್ಟೆಯ ಪೂರ್ತಿ ದುಡ್ಡು ಅಂಗಡಿಯ ಕ್ಯೂಆರ್‌ಗೇ ಬಿದ್ದು, 60 ಪಾಲು ಮತ್ತೆ ತಾಯಂದಿರಿಗೆ ಹೋಗೋದ್ರಿಂದ ಬ್ಯಾಂಕ್ ಪುಸ್ತಕದಲ್ಲಿ ಜಮೆ ಅಂಗಡಿಯ ಗಳಿಕೆಗಿಂತ ದೊಡ್ಡದಾಗಿ ಕಾಣುತ್ತೆ. ಚೀಟಿಯ ಎರಡನೇ ಪ್ರತಿ ಇಟ್ಟುಕೊಳ್ಳೋದು ಇದಕ್ಕೂ ಬೇಕು. ಈಗಾಗಲೇ ನೋಂದಣಿ ಇದ್ದು, ಹಳೇ ಬಟ್ಟೆಯನ್ನ ದುಡ್ಡು ಕೊಟ್ಟೇ ಕೊಂಡು ಮಾರೋರಿಗೆ ನಿಯಮ 32(5)ರಲ್ಲಿ ಅನುಕೂಲ ಇದೆ: ಹೂಡುವಳಿ ತೆರಿಗೆ ಜಮಾ ಪಡೆಯದಿದ್ರೆ, ಕೊಂಡ ಬೆಲೆ ಮತ್ತು ಮಾರಿದ ಬೆಲೆಯ ಅಂತರದ ಮೇಲಷ್ಟೇ ತೆರಿಗೆ. ತಮ್ಮ ಲೆಕ್ಕಿಗರನ್ನ ಕೇಳಿಯೇ ಈ ದಾರಿ ಹಿಡಿಯೋದು ಕ್ಷೇಮ.

ಪ್ರತ್ಯೇಕ ಅಂಗಡಿಯೇ ತೆರೆಯೋದಾದ್ರೆ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಯಾವುದೋ ಅದರಿಂದ ವ್ಯಾಪಾರ ಪರವಾನಗಿ ಬೇಕು. ತಳ್ಳುಗಾಡಿಯಲ್ಲಿ, ಸಂತೆಯ ನೆಲದಲ್ಲಿ ಹರವೋರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಗುರುತಿನ ಚೀಟಿ ಕೇಳೋ ಹಕ್ಕಿದೆ. ಅದು ಕೈಯಲ್ಲಿದ್ರೆ ಪಿಎಂ ಸ್ವನಿಧಿ ಸಾಲಕ್ಕೂ ಅರ್ಜಿ ಹಾಕಬಹುದು.

ಪಾತ್ರೆಯವರ ಗಂಟು ಎಲ್ಲಿಗೆ ಹೋಗುತ್ತೆ

ಪಾತ್ರೆಯವರನ್ನ ದೂರಿ ಪ್ರಯೋಜನ ಇಲ್ಲ. ಬಿಸಿಲಲ್ಲಿ ಬೀದಿ ಬೀದಿ ತಿರುಗಿ, ತಲೆ ಮೇಲೆ ಗಂಟು ಹೊತ್ತು ಅವರು ಮಾಡೋದು ಕಷ್ಟದ ಕಸುಬು. ದೇಶದಾದ್ಯಂತ ಈ ಕಸುಬಿಗೆ ದೊಡ್ಡ ಜಾಲವೇ ಇದೆ. ದೆಹಲಿಯ ರಘುಬೀರ್ ನಗರದಲ್ಲಿ ಪಾತ್ರೆಗೆ ಬಂದ ಬಟ್ಟೆಯ ಮಾರುಕಟ್ಟೆ ನಸುಕಿನಲ್ಲೇ ಶುರುವಾಗುತ್ತೆ. ಹಾಕಿಕೊಳ್ಳೋಕೆ ಬರದ ಉಣ್ಣೆ ಬಟ್ಟೆ ಹರಿಯಾಣದ ಪಾಣಿಪತ್‌ನಲ್ಲಿ ಚಿಂದಿಯಾಗಿ, ಮತ್ತೆ ನೂಲಾಗಿ ಅಗ್ಗದ ಕಂಬಳಿ ಆಗುತ್ತೆ. ಆ ಲೆಕ್ಕದಲ್ಲಿ ಬೆಲೆ ಇರೋದು ಪ್ಯಾಂಟು, ಶರ್ಟು, ಜರಿ ಸೀರೆಗೆ. ಅಂಗೈ ಅಗಲದ ಜಬಲಾ ಅಷ್ಟು ದೂರ ಹೋಗಿ ಅಲ್ಲಿ ಯಾರಿಗೂ ಬೇಕಾಗಲ್ಲ.

ಆ ಜಬಲಾ ಬೇಕಾಗಿರೋದು ಇಲ್ಲೇ, ನಾಲ್ಕು ಬೀದಿ ಆಚೆ, ಏಳು ತಿಂಗಳು ತುಂಬಿದವರ ಮನೆಗೆ. ಮಾರಿ ಉಳಿದದ್ದನ್ನ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆಗೆ ತಿಳಿಸಿದ್ರೆ ಯಾವ ಮನೆಯಲ್ಲಿ ಹೆರಿಗೆ ಹತ್ತಿರ ಇದೆ ಅಂತ ಅವರಿಗೆ ಗೊತ್ತಿರುತ್ತೆ. ಕೊಡುವಾಗಲೂ ಅದೇ ಕ್ರಮ: ಒಗೆದು, ಅಳತೆ ಬರೆದು, ಗುಳಿಗೆ ವಾಸನೆ ಇಲ್ಲ ಅಂತ ನೋಡಿ.